ಬೆಲ್ಟಕ್ಕನ ಸಾಲು

ಊರಿನ ಅಂಚಿನಲ್ಲಿ, ಕೊನೆಯ ಬಸ್ ನಿಲ್ದಾಣದ ಹಿಂದೆ ಆ ಕಾಡು ಶುರುವಾಗುತ್ತದೆ. ಎಷ್ಟು ಹಳೆಯದೆಂದು ಯಾರಿಗೂ ಸರಿಯಾಗಿ ತಿಳಿಯದು. ಊರು ಹುಟ್ಟುವ ಮೊದಲೇ ಇತ್ತು, ಅಷ್ಟೇ. ಬುಡವೆಲ್ಲ ಟೊಳ್ಳಾಗಿದ್ದರೂ ನೆತ್ತಿಯಲ್ಲಿ ಇನ್ನೂ ಚಿಗುರುವ ಮರಗಳು, ಬಿದ್ದಲ್ಲೇ ಮಲಗಿ ಮೈತುಂಬ ಪಾಚಿ ಹೊದ್ದುಕೊಂಡ ದಿಮ್ಮಿಗಳು, ಹೆಜ್ಜೆಯ ಸದ್ದನ್ನು ನುಂಗಿಬಿಡುವ ತರಗೆಲೆಯ ನೆಲ. ನಡುವೆ ಜನ ನಡೆದು ನಡೆದೇ ಆದ ಕಾಲುದಾರಿ. ಬೆಳಗಿನ ಹೊತ್ತು ಆ ದಾರಿಯಲ್ಲಿ ನಿಂತರೆ ಹಕ್ಕಿಗಳಿಗಿಂತ ಮೊದಲು ವಕೀಲನ ದನಿ ಕೇಳುತ್ತದೆ.

ವಕೀಲ ಎಂದರೆ ನಾಯಿ. ಗಿಡ್ಡ ಕಾಲಿನ, ಉದ್ದ ಕಿವಿಯ ಕಂದು ನಾಯಿ. ಅಳಿಲು ಕಂಡರೂ, ಎಲೆ ಬಿದ್ದರೂ, ಏನೂ ಆಗದಿದ್ದರೂ ವಾದಕ್ಕೆ ನಿಲ್ಲುತ್ತದೆ. ಅದರ ಜೊತೆಗೆ ದೊರೆ, ಕರುವಿನಷ್ಟು ಎತ್ತರ, ಹೆಜ್ಜೆಗೊಂದು ಆಕಳಿಕೆ. ಹೂವಿನಂಗಡಿಯವಳ ಬಿಳಿ ನಾಯಿ ಇದೆ. ಕೆಸರು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ಹೊರಳುವುದರಿಂದ ಅದು ಕೆಸರಮ್ಮ. ಆಮೇಲೆ ಅಜ್ಜಿ. ಔಷಧಿ ಅಂಗಡಿಯವರ ಮನೆಯ ಮುದಿ ನಾಯಿ ಅದು. ಒಂದು ಕಣ್ಣಿಗೆ ಪೊರೆ ಬಂದಿದೆ, ಹಿಂಗಾಲು ಎಳೆಯುತ್ತದೆ. ಮನೆಯವರು ಇವಕ್ಕೆಲ್ಲ ಇಟ್ಟಿರುವ ಹೆಸರುಗಳು ಬೇರೆ, ದೊಡ್ಡ ದೊಡ್ಡವು. ಈ ಹೆಸರುಗಳನ್ನು ಇಟ್ಟವಳು ಅವನ್ನು ದಿನವೂ ಕಾಡಿನಲ್ಲಿ ತಿರುಗಾಡಿಸಿಕೊಂಡು ಬರುವ ಹೆಂಗಸು. ಅವಳಿಗೂ ಸ್ವಂತದ ಹೆಸರೊಂದು ಇದೆ, ಆದರೆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಬೆಲ್ಟಕ್ಕ.

ಆ ಬೆಲ್ಟು ಯಾರೋ ಬಡಗಿಯ ಸೊಂಟದ ಮೇಲಿದ್ದದ್ದು. ಸುತ್ತಿಗೆ, ಉಳಿ ಸಿಕ್ಕಿಸಿಕೊಳ್ಳುವ ಅಗಲವಾದ ಚರ್ಮದ ಪಟ್ಟಿ. ಹಳೆ ಸಾಮಾನಿನ ಅಂಗಡಿಯಲ್ಲಿ ಅದನ್ನು ಕಂಡು ಕೊಂಡುಕೊಂಡಳು. ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಅದಕ್ಕೆ ಸುತ್ತಲೂ ಕಬ್ಬಿಣದ ಬಳೆ ಹೊಲಿಸಿಕೊಂಡಳು. ನಾಯಿಗಳ ಹಗ್ಗವನ್ನೆಲ್ಲ ಆ ಬಳೆಗಳಿಗೆ ಸಿಕ್ಕಿಸಿದರೆ ಎರಡು ಕೈಯೂ ಖಾಲಿ. ಒಂದು ಕೈ ಕೋಟಿನ ಜೇಬಿನಲ್ಲಿ, ಬಿಸ್ಕತ್ತಿನ ಮೇಲೆ. ಇನ್ನೊಂದು ಕೈ ಮಾತಾಡುವುದಕ್ಕೆ. ಬೆಲ್ಟಕ್ಕ ಕೈ ಆಡಿಸದೆ ಮಾತಾಡಲಾರಳು, ನಾಯಿಗಳ ಜೊತೆಗಾದರೂ ಸರಿ.

ಮೊದಲು ಅವಳು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಹೋಟೆಲುಗಳಿಂದ ಬರುವ ಬಿಳಿ ಹಾಸುಗಳಿಗೆ ಇಸ್ತ್ರಿ ಹಾಕುವುದು. ಕಿಟಕಿಯಿಲ್ಲದ ಕೋಣೆ, ದಿನವಿಡೀ ಹಬೆ, ಮುಂಗೈಯಲ್ಲಿ ಸುಟ್ಟ ಕಲೆಗಳು. ಲಾಂಡ್ರಿ ಮುಚ್ಚಿದ ದಿನ ಜೊತೆಯವರೆಲ್ಲ ಅಳುತ್ತಿದ್ದರೆ ಇವಳು ಹೊರಗೆ ಬಂದು, ತಂಪು ಗಾಳಿಗೆ ಮುಖ ಕೊಟ್ಟು, ತನಗೇಕೆ ಅಳು ಬರುತ್ತಿಲ್ಲ ಎಂದು ಯೋಚಿಸುತ್ತ ನಿಂತಿದ್ದಳು. ಅದೇ ವಾರ ಔಷಧಿ ಅಂಗಡಿಯವರು ಯಾವುದೋ ಆಪರೇಷನ್ನಿಗೆಂದು ಆಸ್ಪತ್ರೆ ಸೇರಬೇಕಾಯಿತು. "ಸ್ವಲ್ಪ ದಿನ ಈ ಮುದುಕಿಯನ್ನ ಓಡಾಡಿಸ್ತೀಯೇನಮ್ಮ?" ಎಂದು ಕೇಳಿದರು. ಅವರು ವಾಸಿಯಾಗಿ ಬಂದರು, ಮುದುಕಿ ಮಾತ್ರ ಬೆಲ್ಟಕ್ಕನ ಜೊತೆಯೇ ಹೋಗುತ್ತೇನೆಂದು ಬಾಗಿಲಲ್ಲಿ ಕೂತಿತು. ಹಾಗೆ ಒಂದಾಗಿದ್ದದ್ದು ನಾಲ್ಕಾಯಿತು.

"ನಾಯಿ ಕಾಯೋ ಕೆಲಸ," ಎಂದು ಮೊದಲ ದಿನವೇ ತೀರ್ಪು ಕೊಟ್ಟವರು ಅವಳ ಅಕ್ಕ.

ಅಕ್ಕ ಎಂದರೆ ಬರೀ ಅಕ್ಕನಲ್ಲ. ಬೆಲ್ಟಕ್ಕ ತೊಟ್ಟಿಲಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದರಿಂದ ಅವಳನ್ನು ಎತ್ತಿ ಆಡಿಸಿ, ಬೈದು ಬೆಳೆಸಿದವರು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು. ನಿವೃತ್ತರಾಗಿ ವರ್ಷಗಳಾದರೂ ಊರಿಗೆಲ್ಲ ಈಗಲೂ ಡ್ರಿಲ್ ಮಿಸ್. ಬೆನ್ನು ಗೋಡೆಯಷ್ಟು ನೇರ. ಮೈದಾನದ ಆ ತುದಿಯಿಂದ ಅವರು ಒಂದು ಕೂಗು ಹಾಕಿದರೆ ಈ ತುದಿಯ ಹುಡುಗ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮದುವೆಯ ಮಾತೆತ್ತಿದವರಿಗೆ, "ನನಗೆ ಆಗಲೇ ಶಾಲೆ ತುಂಬ ಮಕ್ಕಳಿದಾರೆ, ಇನ್ನು ಗಂಡ ಅಂತ ಒಬ್ಬನನ್ನ ಎಲ್ಲಿ ನಿಲ್ಲಿಸಲಿ?" ಎನ್ನುತ್ತಿದ್ದರು. ಬೆಲ್ಟಕ್ಕನ ಗಂಡ ಚಿಕ್ಕ ವಯಸ್ಸಿಗೇ ಹೋದ ಮೇಲೆ ಅವಳು ಮರಳಿ ಬಂದದ್ದು ಈ ಅಕ್ಕನ ಮನೆಗೆ. ಎರಡು ಕೋಣೆ, ಒಂದು ನಡುಮನೆ, ಬೀದಿಗೆ ಇಳಿಯಲು ಕೆಲವು ಮೆಟ್ಟಿಲು, ಮೆಟ್ಟಿಲಿಗೊಂದು ತುಕ್ಕು ಹಿಡಿದ ಕಂಬಿ. ಅಲ್ಲಿ ಇಬ್ಬರೂ ಜಗಳವಾಡಿಕೊಂಡು ಸುಖವಾಗಿದ್ದರು.

ಆ ವರ್ಷದ ಚಳಿ ಕಳೆಯುತ್ತಿದ್ದಾಗ ಮಿಸ್ ಪರದೆ ಒಗೆಯಬೇಕೆಂದು ಸ್ಟೂಲು ಹತ್ತಿದರು. ಸ್ಟೂಲು ಜಾರಿತು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯವರು ಒಳಗೆ ಲೋಹದ ಪಟ್ಟಿ ಇಟ್ಟು ಮೂಳೆ ಕೂಡಿಸಿದರು. ವಾಸಿಯೂ ಆಯಿತು. ಕಸರತ್ತು ಮಾಡಿಸಲು ಮನೆಗೆ ಬರುತ್ತಿದ್ದ ಹುಡುಗಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ ಆಂಟಿ, ಇನ್ನು ನೀವು ನಡೀಲೇಬೇಕು. ಕೂತರೆ ಕಾಲಿನ ಶಕ್ತಿ ಇಳಿದುಹೋಗತ್ತೆ, ಆಮೇಲೆ ನಿಮಗೆ ಬೇಕು ಅಂದ್ರೂ ಬರಲ್ಲ" ಎಂದಳು. ಮಿಸ್ ತಲೆ ಅಲ್ಲಾಡಿಸಿದರು. ನಾಲ್ಕು ಕಾಲಿನ ವಾಕರ್ ಹಿಡಿದು ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ ಹೋದರು. ಅದಕ್ಕಿಂತ ಆಚೆಗೆ ಒಂದು ಹೆಜ್ಜೆಯೂ ಇಲ್ಲ. ನಡುಮನೆಯ ಬಾಗಿಲು ಕಂಡರೆ ಸಾಕು, ಬೆರಳುಗಳು ವಾಕರಿನ ಮೇಲೆ ಬಿಳಿಚಿಕೊಳ್ಳುತ್ತಿದ್ದವು.

"ಈ ತಳ್ಳುಗಾಡಿ ಹಿಡ್ಕೊಂಡು ಬೀದಿಗೆ ಬರಲಾ? ನನ್ನ ಕೈಲಿ ಏಟು ತಿಂದ ಹುಡುಗರೆಲ್ಲ ಈಗ ಅಂಗಡಿ ಇಟ್ಕೊಂಡು ಕೂತಿದಾರೆ ಕಣೇ ಅಲ್ಲಿ."

ನಾಚಿಕೆ ಎಂದು ಅವರು ಹೇಳುತ್ತಿದ್ದದ್ದು ನಿಜವಾಗಿ ಹೆದರಿಕೆ. ಅದು ಬೆಲ್ಟಕ್ಕನಿಗೆ ಗೊತ್ತಿತ್ತು. ಅಕ್ಕನಿಗೆ ಹೆದರಿಕೆ ಎಂಬ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗೂ ಇರಲಿಲ್ಲ.

ಇಬ್ಬರ ನಡುವೆ ಹುಟ್ಟಿದ ಅಣ್ಣನೊಬ್ಬ ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಒಳ್ಳೆಯವನು. ವಾರಕ್ಕೊಮ್ಮೆ ಫೋನು ಮಾಡಿ, ಫೋನಿನಲ್ಲೂ ಎದ್ದು ನಿಂತೇ ಅಕ್ಕನ ಜೊತೆ ಮಾತಾಡುತ್ತಿದ್ದ ಎಂದು ಅವನ ಹೆಂಡತಿ ನಗುತ್ತಿದ್ದಳು. ಈ ಸಲ ಅವನು ಫೋನು ಮಾಡಿದ್ದು ತಂಗಿಗೆ.

"ನಮ್ಮನೆ ಹತ್ರ ಒಂದು ಆರೈಕೆ ಮನೆ ಇದೆ ಪುಟ್ಟಿ. ನೆಲ ಎಲ್ಲ ಸಪಾಟು, ಒಂದು ಮೆಟ್ಟಿಲಿಲ್ಲ. ನರ್ಸ್ ಇರ್ತಾರೆ. ಮುಂದಿನ ತಿಂಗಳು ಒಂದು ಹಾಸಿಗೆ ಖಾಲಿ ಆಗತ್ತಂತೆ, ಹೇಳಿಟ್ಟಿದೀನಿ."

"ಅಕ್ಕ ಇಲ್ಲೇ ಇರ್ತಾಳೆ ಅಣ್ಣ. ನಾನಿದೀನಲ್ಲ."

"ನೀನೆಲ್ಲಿದೀಯ? ಬೆಳಗ್ಗೆ ಎದ್ದರೆ ಕಾಡಲ್ಲಿದೀಯ. ನೀನಿಲ್ಲದಾಗ ಅಡುಗೆಮನೇಲಿ ಗ್ಯಾಸ್ ವಾಸನೆ ಬಂತು ಅನ್ಕೋ, ಅವಳು ಬಾಗಿಲು ದಾಟ್ತಾಳಾ? ಬಾಗಿಲು ದಾಟಿ ಬೀದಿಗೆ ಇಳಿಯೋ ಹಾಗಿದ್ರೆ ನಾನ್ಯಾಕೆ ಈ ಮಾತಾಡ್ತೀನಿ ಹೇಳು?"

ಬೆಲ್ಟಕ್ಕ ಫೋನು ಇಟ್ಟಳು. ಅಕ್ಕನಿಗೆ ವಿಷಯ ಹೇಳಿದಾಗ ಅವರು ಸಿಡಿಮಿಡಿಗೊಳ್ಳುತ್ತಾರೆ, ತಮ್ಮನಿಗೆ ಫೋನು ಮಾಡಿ ಜಾಡಿಸುತ್ತಾರೆ ಎಂದುಕೊಂಡಿದ್ದಳು. ಮಿಸ್ ಗೋಡೆಯ ಕಡೆ ಹೊರಳಿ, "ಹೋಗ್ತೀನಿ ಬಿಡು. ನಿಂಗೂ ಒಂದು ತಲೆನೋವು ತಪ್ಪತ್ತೆ," ಎಂದುಬಿಟ್ಟರು. ಜಗಳವಾಡದ ಅಕ್ಕನನ್ನು ಬೆಲ್ಟಕ್ಕ ಈವರೆಗೆ ಕಂಡಿರಲಿಲ್ಲ.

ಅಂದಿನಿಂದ ಅವಳು ಪಟ್ಟು ಹಿಡಿದಳು. ಕಾಡಿನಿಂದ ಬಂದವಳೇ ಬೂಟು ಬಿಚ್ಚಿ, ಕೋಟು ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ, ಅಕ್ಕನನ್ನು ನಡುಮನೆಗೆ ಎಬ್ಬಿಸಿಕೊಂಡು ಬರುತ್ತಿದ್ದಳು. ತಾನು ವಾಕರಿನ ಎದುರು ನಿಂತು, ಅದರ ಕಂಬಿ ಹಿಡಿದು, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲ ಕಡೆಗೆ ಎಳೆಯುವುದು. ಮಿಸ್ ಬೈಯುತ್ತ ಬರುವುದು, ಅರ್ಧದಲ್ಲಿ ನಿಲ್ಲುವುದು. ಹೀಗೇ ನಡೆಯಿತು. ಒಂದು ಸಂಜೆ ಮಾತ್ರ ಅದೇನಾಯಿತೋ, ಮಿಸ್ ಹೊಸ್ತಿಲವರೆಗೂ ಬಂದುಬಿಟ್ಟರು.

"ಬಾ, ಬಾ, ಬಾ... ಹಾಂ... ನಿಧಾನ... ಭೇಷ್! ಜಾಣೆ! ನನ್ನ ಬಂಗಾರ!"

ನಾಲಿಗೆ ತಾನಾಗಿ ಲೊಚಗುಟ್ಟಿತು. ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಹೊರಬಂದ ಕೈ ಅಕ್ಕನ ಬಾಯಿಯ ಹತ್ತಿರ ಹೋಗಿ ನಿಂತಿತು. ಬೆರಳ ನಡುವೆ ಮೂಳೆಯ ಆಕಾರದ ಒಂದು ಬಿಸ್ಕತ್ತು.

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು.

"ಏನೇ ಇದು?"

"ಬಿಸ್ಕತ್ತು."

"ಯಾರ ಬಿಸ್ಕತ್ತು?"

ಸುಳ್ಳು ಹೇಳಲು ಬೆಲ್ಟಕ್ಕನಿಗೆ ಯಾವತ್ತೂ ಬರುತ್ತಿರಲಿಲ್ಲ. "ವಕೀಲನದು."

"ನಿಂಗೆ ನಡೆಯೋಕೆ ಕಲಿಸಿದೋಳು ನಾನು. ಇದೇ ನಡುಮನೇಲಿ. ಆಗ ನಾನೇನಾದ್ರೂ ಹೀಗೆ ಬಾಯಿಗೆ ಬಿಸ್ಕತ್ತು ಹಿಡಿದಿದ್ನೇನೇ?"

"ಹಿಡಿದಿರ್ತೀಯ ಅಕ್ಕ. ಇಲ್ದಿದ್ರೆ ನಾನು ಯಾಕೆ ನಡೀತಿದ್ದೆ?"

ಹೇಳಬಾರದ ಮಾತು. ಮಿಸ್ ವಾಕರ್ ತಿರುಗಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾರನೆಯ ಬೆಳಗ್ಗೆ ತಂಗಿ ಟೀ ತಂದಿಟ್ಟಾಗ, "ಇಡಿ ಮೇಡಂ. ತಾವು ಕುಡಿದ್ರಾ?" ಎಂದರು.

ಬೆಲ್ಟಕ್ಕನಿಗೆ ಏಕವಚನದ ಬೈಗುಳ ಎಷ್ಟಾದರೂ ಜೀರ್ಣವಾಗುತ್ತಿತ್ತು, ಈ ಬಹುವಚನ ಆಗುತ್ತಿರಲಿಲ್ಲ. "ಮೇಡಂ, ನಿಮ್ಮ ನಾಯಿಗಳು ಕಾಯ್ತಿರಬಹುದು, ಹೊರಡಿ." "ಮೇಡಂ, ನನ್ನ ಕನ್ನಡಕ ಆ ಕಡೆ ಇದೆ, ದಯವಿಟ್ಟು ಕೊಡ್ತೀರಾ?" ದಿನಗಳು ಹೀಗೆ ಹೋದವು. ನಡೆಯುವ ಮಾತು ಪೂರ್ತಿ ನಿಂತಿತು. ಅಣ್ಣ ಬರುವ ದಿನ ಹತ್ತಿರವಾಗುತ್ತಿತ್ತು. ನಾಯಿಗಳೂ ಅವಳ ಮನಸ್ಸು ಅರಿತಂತೆ ಕಾಡಿನಲ್ಲಿ ತಲೆ ತಗ್ಗಿಸಿಕೊಂಡು ನಡೆದವು. ವಕೀಲ ಮಾತ್ರ ತನ್ನ ವಾದ ಬಿಡಲಿಲ್ಲ.

ಮಿಸ್ಸಿನ ಹಾಸಿಗೆಯ ಪಕ್ಕದ ಕಿಟಕಿ ಬೀದಿಗೆ ತೆರೆಯುತ್ತದೆ. ಎಷ್ಟು ದಿನ ಗೋಡೆ ನೋಡುವುದು? ಅವರು ಕಿಟಕಿ ನೋಡತೊಡಗಿದರು. ದಿನವೂ ಅದೇ ಹೊತ್ತಿಗೆ ತಂಗಿಯ ಮೆರವಣಿಗೆ ಹಾದುಹೋಗುತ್ತಿತ್ತು. ಡ್ರಿಲ್ ಕಲಿಸಿದ ಕಣ್ಣು ಎಷ್ಟು ದಿನ ತಾನೇ ಸುಮ್ಮನಿದ್ದೀತು? ಒಂದು ದಿನ ಬಹುವಚನ ಮುರಿದುಬಿತ್ತು.

"ಏ, ಸಾಲು ಹಾಗಾ ನಿಲ್ಲಿಸೋದು?"

ಮೆಟ್ಟಿಲ ಹತ್ತಿರ ಬೂಟಿನ ಕೆಸರು ಕೆರೆಯುತ್ತಿದ್ದ ಬೆಲ್ಟಕ್ಕ ಬೆಚ್ಚಿ ತಲೆಯೆತ್ತಿದಳು. "ಯಾವ ಸಾಲು?"

"ನಿನ್ನ ನಾಯಿ ಸಾಲು. ಆ ಕುಂಟು ಮುದುಕಿಯನ್ನ ಎಲ್ಲರಿಗಿಂತ ಮುಂದೆ ಬಿಟ್ಟಿದೀಯ. ಹಿಂದೆ ಇರೋ ಗಟ್ಟಿಮುಟ್ಟಾದವೆಲ್ಲ ಅದರ ಬಾಲ ನೋಡ್ಕೊಂಡು ತೆವಳಬೇಕಾ? ಚುರುಕಾಗಿರೋರು ಮುಂದೆ, ಮಿಕ್ಕೋರು ಅವರ ಹೆಜ್ಜೆ ನೋಡ್ಕೊಂಡು ಹಿಂದೆ. ಇಷ್ಟು ವರ್ಷ ನಾನು ಹೇಳಿಕೊಟ್ಟಿದ್ದು ಅದು."

"ಮೊದಮೊದಲು ಹಾಗೇ ಮಾಡಿದ್ದೆ ಅಕ್ಕ. ಆಗಲಿಲ್ಲ."

"ಯಾಕಾಗಲ್ಲ?"

"ಅಜ್ಜಿಯನ್ನ ಹಿಂದೆ ಬಿಟ್ರೆ ಅದು ಎಳೆಸಿಕೊಂಡು ಬರತ್ತೆ. ಮುಂದೆ ಬಿಟ್ರೆ ನಡ್ಕೊಂಡು ಬರತ್ತೆ. ಹಿಂದಿರೋ ಗಟ್ಟಿಗರಿಗೇನು, ಅಲ್ಲಿ ಇಲ್ಲಿ ಮೂಸಿಕೊಂಡು ಬರ್ತವೆ. ಅವಕ್ಕೇನು ಆಫೀಸಿಗೆ ಹೊತ್ತಾಗತ್ತಾ?"

ಕಿಟಕಿಯ ಕೆಳಗೆ ಬೆಲ್ಟಕ್ಕ ಕೆಸರು ಕೆರೆಯುವ ಕಡ್ಡಿ ಕೈಯಲ್ಲಿ ಹಿಡಿದು ಹಾಗೇ ನಿಂತಳು. ತಾನು ಹೇಳಿದ್ದು ತನ್ನ ಕಿವಿಗೇ ಈಗ ಬಿದ್ದಂತಿತ್ತು. ಇಷ್ಟು ದಿನ ಅವಳು ನಡುಮನೆಯಲ್ಲಿ ಅಕ್ಕನ ಎದುರು ನಿಂತು ವಾಕರ್ ಹಿಡಿದು ಎಳೆದಿದ್ದಳಲ್ಲ. ಒಂದು ಮುದಿ ನಾಯಿಗೆ ಮಾಡದ್ದನ್ನು ಅಕ್ಕನಿಗೆ ಮಾಡಿದ್ದಳು.

ಅಂದು ಸಂಜೆ ಅವಳು ವಾಕರ್ ತಂದು ಹಾಸಿಗೆಯ ಪಕ್ಕ ನಿಲ್ಲಿಸಿ, ತಾನು ಹೋಗಿ ಅಕ್ಕನ ಬೆನ್ನ ಹಿಂದೆ ನಿಂತಳು.

"ಅಲ್ಲೇನು ಮಾಡ್ತೀಯ?"

"ಏನೂ ಇಲ್ಲ. ನೀನು ಎಲ್ಲಿಗೆ ಹೋಗ್ತೀಯೋ ಹೋಗು. ನಾನು ಹಿಂದೆ ಬರ್ತೀನಿ."

"ಬಿದ್ರೆ?"

"ನನ್ನ ಮೇಲೆ ಬೀಳ್ತೀಯ. ದೊರೆಗಿಂತ ನೀನು ಹಗುರ."

ಮಿಸ್ ವಾಕರಿನ ಕಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿ ನೋಡಿದರು. ಆಮೇಲೆ ಅಡುಗೆಮನೆಗೆ ಹೋದರು. ಎಷ್ಟೋ ವಾರದಿಂದ ತಾವು ಕಾಣದ ಅಡುಗೆಮನೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ, "ಡಬ್ಬಿಗಳನ್ನೆಲ್ಲ ಜಾಗ ತಪ್ಪಿಸಿಟ್ಟಿದೀಯ," ಎಂದು ಬೈದರು. ಬೆಲ್ಟಕ್ಕನಿಗೆ ಆ ಬೈಗುಳ ಜೇನಿನಂತೆ ಇಳಿಯಿತು.

ಮನೆಯೊಳಗಿನದು ಹೇಗೋ ಆಯಿತು. ಮೆಟ್ಟಿಲಿಳಿದು ಹೊರಗೆ ಹೋಗುವುದಕ್ಕೆ ಮಾತ್ರ ಮಿಸ್ ಒಪ್ಪಲಿಲ್ಲ. ಬೀದಿಯಲ್ಲಿ ಎಲ್ಲರೂ ನೋಡುತ್ತಾರೆ ಎಂಬ ಅದೇ ಹಟ.

"ಹಾಗಾದ್ರೆ ಯಾರೂ ನೋಡದ ಕಡೆ ಹೋಗೋಣ," ಎಂದಳು ಬೆಲ್ಟಕ್ಕ. "ಕಾಡಿಗೆ. ಅಲ್ಲಿರೋ ಮರಗಳು ನಿನ್ನ ಹತ್ರ ಓದಿಲ್ಲ."

ಔಷಧಿ ಅಂಗಡಿಯವರ ವ್ಯಾನು ಬಂತು. ಬೆಳಕು ಹರಿಯುವ ಮುಂಚೆ, ಬೀದಿಯ ಅಂಗಡಿಗಳ ಬಾಗಿಲು ಇನ್ನೂ ಮುಚ್ಚಿದ್ದಾಗ, ಮಿಸ್ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ತಂಗಿಯ ಹೆಗಲು ಹಿಡಿದು ಮೆಟ್ಟಿಲಿಳಿದರು. ಹಿಂದಿನ ಸೀಟಿನಲ್ಲಿ ಅಜ್ಜಿ ಮೊದಲೇ ಕೂತಿತ್ತು, ಮಿಕ್ಕ ಮೂರು ನಾಯಿಗಳು ಅದರ ಹಿಂದೆ ಸಾಮಾನಿಡುವ ಜಾಗದಲ್ಲಿ. ಸೀಟಿನ ಆ ತುದಿಯಲ್ಲಿ ಅದು, ಈ ತುದಿಯಲ್ಲಿ ಇವರು, ನಡುವೆ ವಾಕರ್. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಗತ್ತಿನಲ್ಲಿ ಕಿಟಕಿಯಾಚೆ ನೋಡುತ್ತ ಬಂದರು ಎಂದು ಔಷಧಿ ಅಂಗಡಿಯವರು ಆಮೇಲೆ ಎಲ್ಲರಿಗೂ ಹೇಳಿಕೊಂಡು ನಕ್ಕರು.

ಕಾಡಿನ ಗೇಟಿನಲ್ಲಿ ಒಬ್ಬ ಗಾರ್ಡು ಇರುತ್ತಾನೆ. ನಾಯಿಗಳಿಗೆ ಹಗ್ಗ ಇದೆಯೇ, ಜನ ದಾರಿ ಬಿಟ್ಟು ಬೇರು ತುಳಿಯುತ್ತಾರೆಯೇ ಎಂದು ನೋಡುವವನು. ಮೀಸೆ ನರೆಯುತ್ತಿದೆ. ಮಗಳ ಮದುವೆಯೂ ಆಗಿದೆ. ವ್ಯಾನಿನಿಂದ ಇಳಿಯುತ್ತಿದ್ದವರನ್ನು ಕಂಡು ಅವನು ಕೈಯಲ್ಲಿದ್ದ ಟೀ ಲೋಟವನ್ನು ಕಂಬದ ಮೇಲಿಟ್ಟು ನೆಟ್ಟಗೆ ನಿಂತುಬಿಟ್ಟ.

"ಗುಡ್ ಮಾರ್ನಿಂಗ್ ಮಿಸ್!"

ಮಿಸ್ ತಂಗಿಯ ಕಡೆ ಒಂದು ನೋಟ ಬಿಟ್ಟರು. ಯಾರೂ ನೋಡಲ್ಲ ಅಂದ್ಯಲ್ಲ ಎಂಬ ನೋಟ. ವ್ಯಾನು ಆಗಲೇ ತಿರುಗಿ ಹೊರಟಿತ್ತು.

"ನೀನು... ಲೇಸು ಕಟ್ಟದ ಹುಡುಗ ಅಲ್ವೇನೋ?"

ಗಾರ್ಡಿನ ಕಣ್ಣು ತನ್ನ ಬೂಟಿನ ಕಡೆ ಹೋಯಿತು. "ಈಗ ಕಟ್ತೀನಿ ಮಿಸ್."

"ಬಲಗಾಲಿಂದು ಸಡಿಲ ಇದೆ."

ಅವನು ಬಗ್ಗಿ ಕಟ್ಟಿಕೊಂಡ. ಹಳೆಯ ಶಿಷ್ಯನ ಎದುರಿಗೆ ನಿಂತಲ್ಲೇ ನಿಂತಿರುವುದು ಹೇಗೆ? ಮಿಸ್ ಬೆನ್ನು ನೇರ ಮಾಡಿ ವಾಕರ್ ಮುಂದಿಟ್ಟರು. ಗೇಟು ದಾಟಿದರು. ಪಕ್ಕದಲ್ಲಿ ಅಜ್ಜಿ ನಡೆಯಿತು, ಅದೇ ವೇಗ. ಹಿಂದೆ ಬೆಲ್ಟಕ್ಕ, ಅವಳ ಸೊಂಟದ ಸುತ್ತ ಮಿಕ್ಕ ಮೂವರು.

ಮೊದಲ ದಿನ ಗೇಟಿನಿಂದ ಕಾಣುವ ಬೆಂಚಿನವರೆಗೆ. ಮಿಸ್ ಕೂತು ಏದುಸಿರು ಬಿಟ್ಟರು. ಮೇಲೆ ಎಲೆಗಳ ನಡುವಿನಿಂದ ಬಿಸಿಲು ನಾಣ್ಯದಗಲದ ಚುಕ್ಕೆಗಳಾಗಿ ಬಿದ್ದು ಅವರ ತೊಡೆಯ ಮೇಲೆ ಅಲುಗಾಡುತ್ತಿತ್ತು. ಎಲ್ಲೋ ಮರಕುಟಿಗ ಬಡಿಯುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಮನೆಗೆ ಬಂದ ಮೇಲೆ ಅವರು, "ಬೆಂಚಿನ ಕಾಲು ಅಲ್ಲಾಡತ್ತೆ, ಆ ಲೇಸಿನವನಿಗೆ ಹೇಳು," ಎಂದರು. ಅಂದರೆ ನಾಳೆಯೂ ಹೋಗಬೇಕು ಎಂದರ್ಥ.

ದಿನ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ಹೋದರು. ಆದರೆ ಬೆಂಚಿನಾಚೆಯ ತಿರುವಿನಲ್ಲಿ ದಾರಿಗೆ ಅಡ್ಡವಾಗಿ ಒಂದು ಬೇರು ಇದೆ, ತೊಡೆಯ ಗಾತ್ರದ್ದು, ನೂರಾರು ವರ್ಷ ಜನರ ಕಾಲು ಸವೆಸಿ ನುಣುಪಾದದ್ದು. ಅಲ್ಲಿ ಮಿಸ್ ನಿಂತರು. ಮಾರನೆಯ ದಿನವೂ ಅಲ್ಲೇ ನಿಂತರು. ಅಜ್ಜಿ ಮುಂಗಾಲಿನಿಂದ ಬೇರನ್ನು ತಡವಿ ನೋಡಿ, ಎದೆ ಆನಿಸಿ, ಹಿಂಗಾಲನ್ನು ಎಳೆದುಕೊಂಡು ದಾಟಿತು. ಆಚೆ ಹೋಗಿ ತಿರುಗಿ ನಿಂತು ಕಾದಿತು. ಮಿಸ್ ದಾಟಲಿಲ್ಲ.

"ಇಲ್ಲಿಗೆ ಸಾಕು. ತಿರುಗೋಣ."

"ಸರಿ," ಎಂದಳು ಬೆಲ್ಟಕ್ಕ. ಎಳೆಯುವುದನ್ನು ಅವಳು ಬಿಟ್ಟಿದ್ದಳು. ಆದರೆ ಒಳಗೊಳಗೇ ಕುಸಿದಳು. ಅಣ್ಣ ಆ ವಾರದ ಕೊನೆಗೆ ಬರುವವನಿದ್ದ. ಬೇರನ್ನು ದಾಟದವರು ಮನೆಯ ಮೆಟ್ಟಿಲನ್ನು ಒಬ್ಬರೇ ಇಳಿಯುವುದು ಎಂದು?

ಆ ಬೇರಿನ ಮುಂದೆ ಮೂರನೆಯ ಸಲ ನಿಂತ ಬೆಳಗ್ಗೆ ಅದು ನಡೆಯಿತು. ಅಜ್ಜಿಗೆ ನೀರು ಕುಡಿಸಬೇಕೆಂದು ಬೆಲ್ಟಕ್ಕ ಬೇರು ದಾಟಿ ಮುಂದೆ ಹೋಗಿದ್ದಳು. ದಿಮ್ಮಿಯೊಂದರ ಮೇಲಿಂದ ಅಳಿಲು ಹಾರಿತು. ವಕೀಲ ನೆಗೆಯಿತು. ವಕೀಲ ನೆಗೆದದ್ದಕ್ಕೆ ಕೆಸರಮ್ಮ ನೆಗೆಯಿತು. ಅವೆರಡೂ ನೆಗೆದವಲ್ಲ ಎಂದು ಜೀವನದಲ್ಲೇ ಮೊದಲ ಬಾರಿಗೆ ದೊರೆಯೂ ನೆಗೆಯಿತು. ಸೊಂಟಕ್ಕೆ ಕಟ್ಟಿದ ಬೆಲ್ಟು, ಬೆಲ್ಟಿನೊಳಗೆ ಬೆಲ್ಟಕ್ಕ. ಅವಳು ಗಾಳಿಯಲ್ಲಿ ಒಂದು ಕ್ಷಣ ಕೈ ಬೀಸಿ, ಮುಖ ಅಡಿಯಾಗಿ ತರಗೆಲೆಯ ರಾಶಿಯೊಳಗೆ ಹೋಗಿ ಬಿದ್ದಳು. ಹಗ್ಗಗಳು ಕಾಲಿಗೆ ಸುತ್ತಿಕೊಂಡವು.

"ಅಟೆನ್ಷನ್!"

ಮೈದಾನದ ಆ ಕೂಗು. ಬಹಳ ವರ್ಷ ಹೊರಗೆ ಬರದೆ ಎದೆಯೊಳಗೇ ಇದ್ದದ್ದು. ವಕೀಲನ ಬಾಯಿ ಅರ್ಧ ಬೊಗಳಿನಲ್ಲೇ ನಿಂತಿತು. ದೊರೆ ಕೂತುಬಿಟ್ಟಿತು. ಅಳಿಲು ಕೂಡ ಕೊಂಬೆಯ ಮೇಲೆ ಕಲ್ಲಾಯಿತು. ದೂರದ ಗೇಟಿನಲ್ಲಿ ಗಾರ್ಡು ಎರಡು ಕಾಲು ಜೋಡಿಸಿದ ಸದ್ದು ತನಗೆ ಕೇಳಿಸಿತು ಎಂದು ಬೆಲ್ಟಕ್ಕ ಇವತ್ತಿಗೂ ಆಣೆಯಿಟ್ಟು ಹೇಳುತ್ತಾಳೆ.

"ಪುಟ್ಟಿ! ಏಟಾಯ್ತೇನೇ? ಮಾತಾಡೇ!"

ಬೆಲ್ಟಕ್ಕ ತಲೆಯೆತ್ತಿದಳು. ಮೂಗಿನ ಮೇಲೆ ಎಲೆ, ಕೂದಲಲ್ಲಿ ಕಡ್ಡಿ, ಬಾಯಲ್ಲಿ ಮಣ್ಣು. ಎಷ್ಟೋ ತಲೆಮಾರಿನ ಎಲೆಗಳು ಬಿದ್ದು ಕೊಳೆತು ಹಾಸಿದ ಆ ನೆಲ ಹತ್ತಿಯ ಹಾಸಿಗೆಯಂತಿತ್ತು. ಎಲ್ಲೂ ನೋವಿರಲಿಲ್ಲ. "ಇಲ್ಲ ಅಕ್ಕ. ಮೆತ್ತಗಿದೆ," ಎಂದಳು, ಥೂ ಎಂದು ಮಣ್ಣು ಉಗಿಯುತ್ತ.

ಮಿಸ್ ಅವಳನ್ನು ನೋಡಿದರು. ಗಾಬರಿಯಿಂದ ಬಿಗಿದಿದ್ದ ಮುಖ ಮೊದಲು ಬಾಯಿಯ ಮೂಲೆಯಲ್ಲಿ ಸಡಿಲಾಯಿತು. ಆಮೇಲೆ ನಗು ಹೊರಟಿತು. ವಾಕರ್ ಅಲುಗುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಸ್ಟೂಲಿನಿಂದ ಬಿದ್ದಂದಿನಿಂದ ಬೀಳುವುದೆಂದರೆ ಅವರಿಗೆ ಒಂದೇ ಚಿತ್ರ: ತಣ್ಣನೆಯ ನೆಲ, ಆಂಬುಲೆನ್ಸು, ಯಾರದೋ ಬಿಳಿ ಕೈಗವಸು. ಈಗ ಕಣ್ಣೆದುರಿಗೆ ಒಬ್ಬಳು ಬಿದ್ದಿದ್ದಳು, ಮೂಗಿನ ಮೇಲೆ ಎಲೆ ಅಂಟಿಸಿಕೊಂಡು ಮಾತಾಡುತ್ತಿದ್ದಳು.

"ಎದ್ದೇಳೇ, ಕೋತಿ."

"ಹಗ್ಗ ಸುತ್ಕೊಂಡಿದೆ. ಕಾಲು ಬಿಡಿಸೋಕೆ ಬರ್ತಿಲ್ಲ."

"ಇರು, ಬಂದೆ."

ಬಂದೆ ಎಂದುಬಿಟ್ಟಿದ್ದರು. ಎಂದಮೇಲೆ ಬೇರು ಕಂಡಿತು. ಬೆಲ್ಟಕ್ಕ ಬಿದ್ದಲ್ಲೇ ಇದ್ದು ನೋಡಿದಳು. ನಿಜ ಹೇಳಬೇಕೆಂದರೆ ಹಗ್ಗ ಅಷ್ಟೇನೂ ಬಿಗಿದಿರಲಿಲ್ಲ. ಮನಸ್ಸು ಮಾಡಿದರೆ ಅವಳೇ ಬಿಡಿಸಿಕೊಂಡು ಏಳಬಹುದಿತ್ತು. ಏಳಲಿಲ್ಲ. ಮಿಸ್ ವಾಕರ್ ಎತ್ತಿ ಬೇರಿನ ಆಚೆಗೆ ಊರಿದರು. ಅದು ಅಲುಗದೆ ನಿಂತಿದೆಯೇ ಎಂದು ಒತ್ತಿ ನೋಡಿದರು. ಒಳ್ಳೆಯ ಕಾಲನ್ನು ಎತ್ತಿದರು, ದಾಟಿಸಿದರು. ನಿಂತರು. ಉಸಿರು ಎಳೆದುಕೊಂಡರು. ಆಮೇಲೆ ಲೋಹದ ಪಟ್ಟಿ ಇರುವ ಕಾಲು, ನೆಲ ಬಿಡಲು ಇಷ್ಟವಿಲ್ಲದ ಹಾಗೆ ಬೇರಿನ ಮೇಲೆ ಉಜ್ಜಿಕೊಂಡು ಬಂದು ಆಚೆ ಇಳಿಯಿತು.

ಬೆಲ್ಟಕ್ಕನ ನಾಲಿಗೆಯ ತುದಿಗೆ ಬಂದಿತ್ತು, ಭೇಷ್ ಎಂದು. ಕಚ್ಚಿ ಹಿಡಿದಳು. ಜೇಬಿಗೆ ಹೊರಟಿದ್ದ ಕೈಯನ್ನು ಮೈಯಡಿಗೆ ಒತ್ತಿಕೊಂಡಳು.

ಅಣ್ಣ ಬಂದದ್ದು ಅದಾದ ಎರಡು ದಿನಕ್ಕೆ, ಹೇಳಿದ್ದಕ್ಕಿಂತ ಮುಂಚೆ. ಕಾರಿನ ಹಿಂದಿನ ಸೀಟು ಮಡಚಿ ಅಕ್ಕನ ಸಾಮಾನಿಗೆ ಜಾಗ ಮಾಡಿಕೊಂಡು ಬಂದಿದ್ದ. ಮನೆಗೆ ಬೀಗ. ಮೇಲಕ್ಕೆ ಹೋಗಿ ಬಡಿದ, ಕಿಟಕಿಯಲ್ಲಿ ಇಣುಕಿದ, ಖಾಲಿ ಹಾಸಿಗೆ ಕಂಡಿತು. ಗಾಬರಿಯಾಗಿ ಆಸ್ಪತ್ರೆಗೆ ಫೋನು ಮಾಡಲೆಂದು ಜೇಬಿಗೆ ಕೈ ಹಾಕಿದಾಗ ಬೀದಿಯ ತಿರುವಿನಲ್ಲಿ ಬೊಗಳುವ ಸದ್ದು ಕೇಳಿತು.

ಮುಂದೆ ಒಂದು ಮುದಿ ನಾಯಿ ಮತ್ತು ಅವನ ಅಕ್ಕ. ಅಕ್ಕನ ಬೂಟಿಗೆ ಕೆಸರು. ವ್ಯಾನನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಲು ಹೇಳಿ ಅಲ್ಲಿಂದ ನಡೆದೇ ಬಂದಿದ್ದರು. ಅಂಗಡಿಯವರು ಒಬ್ಬೊಬ್ಬರಾಗಿ ಹೊರಗೆ ಬಂದು ನಿಂತಿದ್ದರು. ಬ್ರೆಡ್ಡಿನ ಅಂಗಡಿಯವನು, "ಮಿಸ್, ಒಳಗೆ ಬಂದು ಕೂತ್ಕೊಳ್ಳಿ ಸ್ವಲ್ಪ," ಎಂದದ್ದಕ್ಕೆ, "ನಿನ್ನ ಹಾಗೆ ಕೂತೂ ಕೂತೂ ಹೊಟ್ಟೆ ಬರಿಸಿಕೊಳ್ಳಲಾ?" ಎಂದು ಉತ್ತರ ಬಂತು. ಬೀದಿಯೆಲ್ಲ ನಕ್ಕಿತು.

"ಏನೋ ಬಾಗಿಲಲ್ಲಿ ಕಳ್ಳನ ಹಾಗೆ ನಿಂತಿದೀಯ?"

"ಅಕ್ಕ... ನಿನ್ನ ಕರ್ಕೊಂಡು ಹೋಗೋಣ ಅಂತ..."

"ಎಲ್ಲಿಗೆ?"

ಅಣ್ಣ ತಂಗಿಯ ಕಡೆ ನೋಡಿದ. ಬೆಲ್ಟಕ್ಕ ಆಕಾಶ ನೋಡುತ್ತಿದ್ದಳು. ಮಿಸ್ ವಾಕರನ್ನು ತಂಗಿಗೆ ಕೊಟ್ಟು, ಎರಡು ಕೈಯಲ್ಲೂ ತುಕ್ಕು ಕಂಬಿ ಹಿಡಿದು, ಒಂದೊಂದಾಗಿ ಮೆಟ್ಟಿಲು ಹತ್ತಿದರು. ನಡುವೆ ಒಮ್ಮೆ ನಿಂತರು. ಅಣ್ಣ ಹಿಡಿಯಲು ಮುಂದೆ ಬಂದ. ಬೆಲ್ಟಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು. ಮೇಲೆ ತಲುಪಿದ ಮೇಲೆ ಮಿಸ್ ತಿರುಗಿ ತಮ್ಮನನ್ನು ನೋಡಿದರು. ದನಿ ಸ್ವಲ್ಪ ಇಳಿಯಿತು.

"ನೀನು ಹೆದರಿದ್ದು ತಪ್ಪಲ್ಲ ಕಣೋ. ನಾನೂ ಹೆದರಿದ್ದೆ." ಆ ಮಾತನ್ನು ಅವರ ಬಾಯಿಂದ ಆ ಇಬ್ಬರೂ ಕೇಳಿದ್ದು ಅದೇ ಮೊದಲು. "ಚಳಿ ಬಂದಾಗ ಹೇಗೋ ಗೊತ್ತಿಲ್ಲ. ಆಗ ಆಗದೇ ಹೋದ್ರೆ ನಾನೇ ಫೋನ್ ಮಾಡಿ ಬಾ ಅಂತೀನಿ. ಈಗ ಒಳಗೆ ಬಾ. ಬೂಟು ಬಿಚ್ಚಿ ಬಾ, ನೆಲ ಒರೆಸೋಳು ನಾನು."

ಹಾಗೆಂದವರು ಸ್ವಂತ ಕೆಸರು ಬೂಟಿನಲ್ಲೇ ನಡುಮನೆ ದಾಟಿ ಹೋದರು. ಅಣ್ಣ ಅಲ್ಲೇ ನಿಂತು ಆರೈಕೆ ಮನೆಗೆ ಫೋನು ಮಾಡಿ, ಹಾಸಿಗೆಯನ್ನು ಬೇರೆಯವರಿಗೆ ಕೊಡಿ ಎಂದ. ಆಮೇಲೆ ಅವನು ಬಹಳ ಹೊತ್ತು ಕನ್ನಡಕ ಒರೆಸುತ್ತ ಮೆಟ್ಟಿಲ ಮೇಲೆ ಕೂತಿದ್ದ. ದೊರೆ ಹೋಗಿ ಅವನ ತೊಡೆಯ ಮೇಲೆ ತಲೆಯಿಟ್ಟು ಆಕಳಿಸಿತು.

ಅಣ್ಣ ಹೊರಟುಹೋದ ಸಂಜೆ ಮಿಸ್ ಬಿಸಿನೀರಿನ ಬೋಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಪಾದದ ಬದಿಯಲ್ಲಿ ಹೊಸ ಬೂಟು ಕಚ್ಚಿ ಒಂದು ಗುಳ್ಳೆ ಎದ್ದಿತ್ತು. ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನಡೆದವರ ಕಾಲಿಗಷ್ಟೇ ಬರುವ ಗುಳ್ಳೆ.

"ಲೇ, ಆ ಬೇರು ದಾಟಿದ ಮೇಲೆ ದಾರಿ ಎಲ್ಲಿಗೆ ಹೋಗತ್ತೆ?"

ಬೆಲ್ಟಕ್ಕ ಬಟ್ಟೆ ಮಡಚುತ್ತಿದ್ದಳು. ಅವಳ ಎರಡು ಕೈಯೂ ಒಟ್ಟಿಗೆ ಮೇಲೆದ್ದವು. "ಅಯ್ಯೋ ಅಕ್ಕ, ಮೊದಲು ಒಂದು ತೊರೆ ಸಿಗತ್ತೆ, ಅದಕ್ಕೊಂದು ಹಲಗೆ. ಅದರಾಚೆಗೆ ಒಂದು ಮರ ಇದೆ ನೋಡು, ಅಷ್ಟು ಹಳೇದು, ಅದರ ಒಳಗೆ..."

"ಹೇಳಬೇಡ," ಎಂದರು ಮಿಸ್. "ನಾನೇ ಹೋಗಿ ನೋಡ್ತೀನಿ."

ಬೆಲ್ಟಕ್ಕ ಬಾಯಿ ಮುಚ್ಚಿಕೊಂಡಳು. ಮರದೊಳಗೆ ಏನಿದೆ ಎಂದು ಹೇಳದೆ ಇರುವುದು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಕೈಯಲ್ಲಿದ್ದ ಟವೆಲ್ಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು.